‘ಹೋಗು’ ಅನ್ನಲಾರದವರ ತೋಟ

ನಾನು ಹನ್ನೊಂದು ಜನರ ಜೊತೆ ಒಂದೇ ಕುಂಬಳಕಾಯಿಯೊಳಗೆ ಕೂತು ಮಳೆ ಕಳೆದವನು. ಸುಳ್ಳು ಅನ್ನುವವರು ಆ ಹನ್ನೊಂದು ಜನರನ್ನೇ ಕೇಳಿಕೊಳ್ಳಲಿ. ಪಾಪ, ಈಗ ಒಬ್ಬರೂ ಉಳಿದಿಲ್ಲ. ಆ ಕುಂಬಳಕಾಯಿ ಬೆಳೆದ ತೋಟದ ಕತೆ ಇದು. ಅವರೆಕಾಯಿ ಸುಲಿಯುತ್ತಾ ಕೂತಿದ್ದ ಸೊಸೆ ಚೆಲುವಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬಲು ಹಿಂದಿನ ಮಾತು. ಕರಿಹೊಳೆಯ ದಂಡೆಯಲ್ಲಿ ಜೇನುಗುಡ್ಡ ಅಂತ ಒಂದು ರಾಜ್ಯ. ಅಲ್ಲಿ ನಲವತ್ತು ಮನೆಗೂ ಸೇರಿ ಒಂದೇ ತೋಟ. ಮನೆಗೊಂದು ಪಾತಿ, ನೀರೆತ್ತಲು ಎಲ್ಲರಿಗೂ ಒಂದೇ ಏತ. ಅಲ್ಲಿನ ಒಂದು ಬದನೆಕಾಯಿ ಸಾಗಿಸಲು ಜೋಡೆತ್ತಿನ ಗಾಡಿ ಬೇಕು. ಬಳ್ಳಿಗಳಿಗೆ ಬಾಯಿತ್ತು. ಬಾಯಾರಿದರೆ ‘ನೀರು, ನೀರು’ ಅಂತ ಕೂಗುತ್ತಿದ್ದವು. ತೋಟ ಕಾಯುವವನು ಅಂಕಯ್ಯ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ ಬೆಳ್ಳವ್ವ. ಊರಿನ ಬಿತ್ತನೆ ಬೀಜಕ್ಕೆಲ್ಲ ಬೂದಿ ಬೆರೆಸಿ ಸೋರೆಬುರುಡೆಗಳಲ್ಲಿ ಕಾಪಾಡುವವಳೂ ಅವಳೇ.

ಆ ರಾಜ್ಯದವರ ಬಾಯಲ್ಲಿ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. ಹೊರಟವರಿಗೆ ಯಾರೂ ‘ಹೋಗು’ ಅನ್ನುತ್ತಿರಲಿಲ್ಲ, ‘ಹೋಗಿ ಬಾ’ ಅನ್ನುವರು. ಹೆಣ ಹೊತ್ತೊಯ್ಯುವಾಗಲೂ ‘ಹೋಗಿ ಬಾರಪ್ಪಾ’ ಅಂತಲೇ ಅಳುವರು.

ಇದು ಕೆಸರಯ್ಯ ಅನ್ನುವ ಮಾಂತ್ರಿಕನ ಕಿವಿಗೆ ಬಿತ್ತು. ಮೊಸಳೆ ಏರಿ ತಿರುಗುವವನು ಅವನು. ಮೊಸಳೆ ಎತ್ತ ಹೋದರೆ ಹೊಳೆಯೂ ಅತ್ತ. ಆದರೆ ತೋಟ ಕಾಯುವವನು ಅವನ ಮುಖ ನೋಡಿ ‘ಹೋಗು’ ಅಂದರೆ ಸಾಕು, ಅವನು ಮತ್ತೆ ಬರುವ ಹಾಗಿಲ್ಲ. ಈ ಗುಟ್ಟನ್ನು ಅರಮನೆಯ ಗಿಳಿ ಊರಿಗೆಲ್ಲ ಸಾರಿತ್ತು.

ಮೊದಲನೆಯ ವರ್ಷ ಬಂದ. ಮೂರು ದಿನ ನೀರು ನಿಂತಿತು. ಬದನೆ ಕೊಳೆಯಿತು. ಬಳ್ಳಿಗಳು ಬಾಯಿ ತುಂಬ ಕೆಸರು ತುಂಬಿಕೊಂಡು ಸತ್ತವು. ಅಂಕಯ್ಯ ಎದುರಿಗೆ ನಿಂತ. ಕೆಸರಯ್ಯ ಕೈ ಮುಗಿದು, “ತಪ್ಪಾಯ್ತಪ್ಪಾ, ಹೊರಡ್ತೀನಿ,” ಅಂದ.

“ಹೋಗಿ ಬನ್ನಿ ಯಜಮಾನರೇ,” ಅಂದ ಮರ್ಯಾದಸ್ಥ ಅಂಕಯ್ಯ. ಮೊಸಳೆಗೂ ನಗು ಬಂತು.

ನಲವತ್ತು ಮನೆಯವರೂ ಸನಿಕೆ ಹಿಡಿದು ಕೆಸರೆಳೆದರು. ಬೆಳ್ಳವ್ವ ಬುರುಡೆ ಬಿಚ್ಚಿ ಬೀಜ ಹಂಚಿದಳು.

ಎರಡನೆಯ ವರ್ಷಕ್ಕೆ ಅಂಕಯ್ಯ ಬೆದರುಬೊಂಬೆಯ ಮುಂದೆ ನಿಂತು ‘ಹೋಗು, ಹೋಗು’ ಅಂತ ಅಭ್ಯಾಸ ಮಾಡಿದ. ಬೊಂಬೆ ಎದ್ದು ಹೋಯಿತು. ಮತ್ತೆ ನೀರು ಬಂತು, ತೋಟ ಮುಳುಗಿತು. ಕೆಸರಯ್ಯ ಈ ಸಲ ನೆಂಟನ ಹಾಗೆ, “ಬರ್ತೀನಪ್ಪಾ,” ಅಂದ.

“ಆಗಲಿ, ಬನ್ನಿ,” ಅಂದುಬಿಟ್ಟ ಅಂಕಯ್ಯ.

“ಲೋ ಅಂಕಾ, ನಿನ್ನ ನಾಲಿಗೆಗೆ ಬರೆ ಹಾಕ!” ಅಂತ ಅಕ್ಕ ಹಣೆ ಚಚ್ಚಿಕೊಂಡಳು. “ತೋಟ ಕಾಯೋ ಬೊಂಬೇನ ಕಳಿಸಿದೆ, ಮುಳುಗಿಸೋನ್ನ ಕರೆದೆ!”

“ವಯಸ್ಸಾದವರು ಅಕ್ಕಾ. ಮುಖ ನೋಡಿ ಹೆಂಗೆ ಅನ್ನಲಿ?”

ಮೂರನೆಯ ವರ್ಷಕ್ಕೆ ಉಳಿದದ್ದು ಒಂದೇ ಬುರುಡೆ ಬೀಜ. ಅದನ್ನೂ ಬಿತ್ತಿದ್ದಾಗಿತ್ತು. ಅದು ಹೋದರೆ ನಲವತ್ತು ಮನೆಯ ಒಲೆಯೂ ಆರುತ್ತದೆ. ಕೆಸರಯ್ಯ ಬಂದವನೇ ಬದುವಿನ ಮೇಲಿದ್ದ ಬೆಳ್ಳವ್ವನನ್ನು ಎಳೆದು ಮೊಸಳೆಯ ಮೇಲೆ ಕೂರಿಸಿಕೊಂಡ.

“ಈಗ ಅನ್ನು ನೋಡೋಣ. ನನಗೆ ಅಂದದ್ದು ಇವಳಿಗೂ ಅಂದ ಹಾಗೆ. ನಾನು ಹೋದರೆ ಇವಳೂ ಹೋಗ್ತಾಳೆ. ಮತ್ತೆ ಬರೋದಿಲ್ಲ.”

ನೀರು ಸಸಿಗಳ ಕುತ್ತಿಗೆಗೆ ಬಂದಿತ್ತು.

“ಅನ್ನೋ ಅಂಕಾ,” ಅಂದಳು ಅಕ್ಕ.

“ಆಗಲ್ಲ ಅಕ್ಕಾ. ನೀನಿಲ್ಲದ ತೋಟ ಇಟ್ಟುಕೊಂಡು ನಾನೇನು ಮಾಡಲಿ?”

“ಕಳೆ ಕೀಳು, ನೀರು ಹಾಯಿಸು. ತೋಟದಲ್ಲಿ ಇನ್ನೇನು ಮಾಡ್ತಾರೆ?”

ಆಮೇಲೆ ಅವಳು ‘ಬರ್ತೀನಿ’ ಅನ್ನಲಿಲ್ಲ. “ನಾನು ಹೋಗ್ತೀನಿ ಕಣೋ,” ಅಂದಳು. ಆ ರಾಜ್ಯದಲ್ಲಿ ಹಾಗೆ ಅಂದವಳು ಅವಳೇ ಮೊದಲು.

ಕಣ್ಣು ಮುಚ್ಚುವ ಹಾಗಿರಲಿಲ್ಲ, ಮುಖ ನೋಡಿಯೇ ಅನ್ನಬೇಕು. ಅಂಕಯ್ಯ ನೋಡಿದ.

“ಹೋಗು.”

ಕೆಸರಯ್ಯ ಕೂತಲ್ಲೇ ಕರಗಿ ಮೆಕ್ಕಲು ಮಣ್ಣಾದ. ಮೊಸಳೆ ಮರದ ದಿಮ್ಮಿಯಾಯಿತು. ಹೊಳೆ ತೋಟ ಬಿಟ್ಟು ಇಳಿಯಿತು. ಬೆಳ್ಳವ್ವನನ್ನು ಹೊತ್ತ ದಿಮ್ಮಿ ತೇಲುತ್ತಾ ತೇಲುತ್ತಾ ತಿರುವಿನಲ್ಲಿ ಮರೆಯಾಯಿತು.

ಮೊದಲ ವರ್ಷವೇ ಆ ಎರಡಕ್ಷರ ಅಂದಿದ್ದರೆ ಕೆಸರಯ್ಯನೊಬ್ಬನೇ ಹೋಗುತ್ತಿದ್ದ. ಅಂಕಯ್ಯ ದಿನಾ ದಂಡೆಗಿಳಿದು ‘ಬಾ ಅಕ್ಕಾ’ ಅಂದ. ವರ್ಷಗಟ್ಟಲೆ ಅಂದ. ‘ಹೋಗು’ ಅನ್ನುವುದಕ್ಕೆ ಇದ್ದ ಬಲ ‘ಬಾ’ ಅನ್ನುವುದಕ್ಕೆ ಇರಲಿಲ್ಲ.

ತೋಟವೇನೋ ಆ ಮೆಕ್ಕಲಿನಲ್ಲಿ ಹತ್ತು ಪಾಲು ಹೆಚ್ಚು ಚಿಗುರಿತು. ಬಳ್ಳಿಗಳಿಗೆ ಮತ್ತೆ ಬಾಯಿ ಬಂತು. ನಲವತ್ತು ಮನೆಯ ಒಲೆಯೂ ಉರಿಯಿತು. ರಾಜ ಅಂಕಯ್ಯನಿಗೆ ಜರಿ ಶಾಲು ಹೊದಿಸಿದ. ಎಲ್ಲರೂ ಉಂಡು ಉಟ್ಟು ನೂರು ವರ್ಷ ಸುಖವಾಗಿದ್ದರು.

“ಎಲ್ಲರೂ ಅಂತೀರಲ್ಲ ಮಾವಾ,” ಚೆಲುವಿ ಸುಲಿಯುವ ಕೈ ನಿಲ್ಲಿಸಿದಳು. “ಅಂಕಯ್ಯನೂ ಸುಖವಾಗಿದ್ದನಾ?”

ನಾನೂ ಒಂದು ಅವರೆಕಾಯಿ ಎತ್ತಿಕೊಂಡು ಸುಲಿದೆ.

“ಕತೆ ಮುಗಿಸುವಾಗ ಹಂಗೇ ಹೇಳಬೇಕು ಕಣವ್ವಾ.”