ಕೋಡಂಗಿ ಕೇಳದ ಪ್ರಶ್ನೆ

ಬೆಟ್ಟಗಳು ಒಂದಕ್ಕೊಂದು ಕೂಗಿ ಮಾತಾಡುತ್ತಿದ್ದ ಕಾಲದಲ್ಲಿ, ಮಂಜುಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಜನಕ್ಕಿಂತ ಕುರಿಗಳೇ ಹೆಚ್ಚು. ಉಣ್ಣೆ ಕತ್ತರಿಸಿ ಮುಗಿದ ಮೇಲೆ ಅರಮನೆಯ ಅಂಗಳದಲ್ಲಿ ಒಂದು ಗಿಡ್ಡ ಬಂಡಿ ನಿಲ್ಲಿಸಿ, ಅದರ ಮೇಲೆ ಆಟ ಆಡುತ್ತಿದ್ದರು.

ಆ ಬಂಡಿಯ ಹಲಗೆಗೆ ಒಂದು ಗುಣ ಇತ್ತು. ವೇಷ ಹಾಕಿ ಮೇಲೆ ಬಂದವರನ್ನು ಕೋಡಂಗಿ "ಯಾರಪ್ಪ ನೀನು?" ಅಂತ ಕೇಳಬೇಕು. ಕೇಳುವ ತನಕ ಅವರ ನಾಲಿಗೆ ಏಳದು, ಹಲಗೆಯಿಂದ ಕಾಲೂ ಏಳದು. ಕೇಳದೇ ಬಿಟ್ಟರೆ ಕರಗಿಯೇ ಹೋಗುತ್ತಾರೆ ಅಂತ ಹಿರಿಯರು ಹೇಳುತ್ತಿದ್ದರು. ರಾಜನಾದರೂ ಅಷ್ಟೆ, ರಾಕ್ಷಸನಾದರೂ ಅಷ್ಟೆ. ಕೋಡಂಗಿ ಮಾತ್ರ ಒಂದು ಕಾಲು ಹಲಗೆಯ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಲ್ಲಬೇಕು. ಅರ್ಧ ಕತೆಯೊಳಗೆ, ಅರ್ಧ ಜನರೊಳಗೆ.

ಆ ವರ್ಷದ ಕೋಡಂಗಿ ಬೊಮ್ಮಿ. ಕಂಡದ್ದನ್ನೆಲ್ಲ ಕೇಳುವ ಹುಡುಗಿ. ಕುರಿಗೆ ಕನಸು ಬೀಳುತ್ತಾ? ಹಗಲು ಹೊತ್ತು ಮಂಜು ಎಲ್ಲಿ ಮಲಗುತ್ತೆ? "ಇವಳ ಬಾಯಿಗೆ ಇದೇ ಸರಿ" ಅಂತ ಅವ್ವ ಗೆಜ್ಜೆ ಕಟ್ಟಿದ ಟೋಪಿ ಹೊಲಿದುಕೊಟ್ಟಿದ್ದಳು. ಮಲ್ಲಮಾವನದು ಜಿಪುಣನ ವೇಷ. ಅಣ್ಣ ಕೆಂಚನದು ಹುಲಿ.

ಆಟ ನೋಡಲು ರಾಣಿ ಬಂದಳು. ಅವಳ ಹಿಂದೆಯೇ, ಕಂಬಳಿ ಹೊದ್ದು, ಮಸಿರಾಯನೆಂಬ ಮಾಂತ್ರಿಕನೂ ಬಂದ. ಅವನ ಕಣ್ಣು ಸಿಂಹಾಸನದ ಮೇಲೆ. ಆಟ ರಂಗೇರುತ್ತಿದ್ದಾಗ ಅವನು ಒಂದು ಹಿಡಿ ಮಸಿ ಊದಿ, "ಹಾಕಿದ ವೇಷ ನಿಜವಾಗಲಿ!" ಅಂದ.

ನಿಜವಾಯಿತು. ಕೆಂಚ ಹುಲಿಯಾಗಿ ಅಂಗಳಕ್ಕೆ ಹಾರಿದ. ಕುರಿಗಳು ದಿಕ್ಕಾಪಾಲು. ಭಟರು ಈಟಿ ಎತ್ತಿ ಸುತ್ತುವರಿದರು.

"ಬೇಡ! ಅವನು ನಮ್ಮಣ್ಣ!" ಅಂತ ಬೊಮ್ಮಿ ಚೀರಿದಳು. ಅವಳಿಗೆ ಮಾತ್ರ ಏನೂ ಆಗಿರಲಿಲ್ಲ. ಒಂದು ಕಾಲು ನೆಲದ ಮೇಲಿತ್ತಲ್ಲ!

ಅಣ್ಣನ ಹತ್ತಿರ ಓಡೋಣ ಅಂದರೆ ಮಲ್ಲಮಾವ ಅವಳ ಕಾಲು ತಬ್ಬಿಕೊಂಡಿದ್ದ. "ಬಂಡಿ ನಂದು, ಗಾಲಿ ನಂದು, ಈ ಕಾಲೂ ನಂದು!"

"ಆಗಲಿ ಮಾವ, ಎಲ್ಲಾ ನಿಂದೇ. ಬೆಳಿಗ್ಗೆ ನಿನ್ನ ರೊಟ್ಟೀಲಿ ಅರ್ಧ ಯಾರಿಗೆ ಮುರಿದುಕೊಟ್ಟೆ?"

ಮಾವ ತಲೆ ಕೆರೆದುಕೊಂಡ. "ನಿಂಗೇ ಅಲ್ವೇನೇ, ಹೊಟ್ಟೆಬಾಕಿ!" ಅಂದವನೇ ಕೈಬಿಟ್ಟ. ಜಿಪುಣತನ ಉದುರಿಹೋಯಿತು.

ಬೊಮ್ಮಿ ಈಟಿಗಳ ನಡುವೆ ನುಗ್ಗಿದಳು. ಹುಲಿಯ ಬಿಸಿ ಉಸಿರು ಮುಖಕ್ಕೆ ಬಡಿಯಿತು.

"ಯಾರಪ್ಪ ನೀನು?"

"ಹುಲಿ!"

"ಹುಲಿರಾಯ, ನಿನ್ನ ಬಾಲಕ್ಕೆ ಹಸಿರು ದಾರ ಯಾಕೆ?"

ಹುಲಿ ಹಿಂತಿರುಗಿ ಬಾಲ ನೋಡಿತು. ಬಹಳ ಹೊತ್ತು ನೋಡಿತು. "ಅವ್ವನ ಹತ್ರ ಹಳದಿ ದಾರ ಮುಗಿದಿತ್ತು ಕಣೇ" ಅಂತ ನಾಚಿಕೊಂಡು ಹೇಳಿತು. ಚರ್ಮ ಕಳಚಿ ಬಿತ್ತು. ಒಳಗಿಂದ ಬೆವರಿದ ಕೆಂಚ ಎದ್ದುಬಂದ.

ಮಸಿರಾಯ ಹಲ್ಲು ಕಡಿದ. ರಾಜವೇಷಕ್ಕೆಂದು ಇಟ್ಟಿದ್ದ ನಿಲುವಂಗಿ ತೊಟ್ಟ, ಬಣ್ಣದ ಕಿರೀಟ ಇಟ್ಟುಕೊಂಡ. ಬಂಡಿಯ ಮೇಲೆ ನಿಂತು "ನಾನೇ ರಾಜ" ಅಂದರೆ ಸಾಕು, ಅವನದೇ ಮಂತ್ರದಿಂದ ಅವನೇ ರಾಜ.

"ಏ ಕೋಡಂಗಿ, ಬಾ, ಕೇಳು! ಕೇಳದೆ ಇರೋಕೆ ನಿನ್ನ ಕೈಲಿ ಆಗುತ್ತಾ?" ಅಂತ ನಕ್ಕು ಮೇಲೆ ಹತ್ತಿದ.

ಬೊಮ್ಮಿ ತನ್ನ ಜಾಗಕ್ಕೆ ಬಂದು ನಿಂತಳು. ಇವನು ಎಲ್ಲಿಂದ ಬಂದ? ಉಗುರು ಯಾಕೆ ನೀಲಿ? ಆ ಮಸಿ ಯಾವ ಒಲೆಯದು? ಪ್ರಶ್ನೆಗಳು ತುಟಿಯವರೆಗೆ ಬಂದು ಕುಣಿದವು. ರಾಣಿ ಅವಳನ್ನೇ ನೋಡಿದಳು. ಬೊಮ್ಮಿ ಟೋಪಿ ಕಿತ್ತು ಬಾಯಿಗೆ ತುರುಕಿಕೊಂಡಳು. ಗೆಜ್ಜೆಯೂ ಸದ್ದು ಮಾಡಲಿಲ್ಲ.

ಮಸಿರಾಯ ಕಾದ. ಕೇಳು ಕೇಳು ಅಂತ ಕೈಸನ್ನೆ ಮಾಡಿದ. ಕೆನ್ನೆ ಉಬ್ಬಿತು, ಕಿವಿಯಿಂದ ಮಸಿ ಸೋರಿತು. ಕೊನೆಗೆ ಕಾಲು ಮಡಿಸಿ, ಕೈ ಮುಗಿದು ಬೇಡಿಕೊಂಡ. ಯಾರೂ ಕೇಳದ ಆ ವೇಷದೊಳಗೆ ಅವನು ಕರಗಿ ಸಣ್ಣಗಾಗುತ್ತಾ ಹೋದ. ಖಾಲಿ ನಿಲುವಂಗಿ ಧೊಪ್ಪನೆ ಬಿತ್ತು.

ಬೊಮ್ಮಿ ಅಂಚು ಎತ್ತಿ ಇಣುಕಿದಳು. ಒಳಗೊಂದು ಕರಿ ಜಿರಲೆ, ಮೀಸೆ ಅಲ್ಲಾಡಿಸುತ್ತಿತ್ತು.

"ಯಾರಪ್ಪ ನೀ..."

"ಬೇಡ ಕಣೇ!" ಅಂತ ರಾಣಿಯಿಂದ ಕುರಿ ಕಾಯುವವರ ತನಕ ಇಡೀ ಅಂಗಳ ಕೂಗಿತು.

ಜಿರಲೆ ಹಲಗೆಯ ಸಂದಿಗೆ ಓಡಿತು. ಆಮೇಲೆ ಆಟ ನಿಂತಲ್ಲಿಂದ ಮತ್ತೆ ಶುರುವಾಯಿತು. ಮಂಜುಗಿರಿಯ ಜನ, ಕುರಿ, ರಾಣಿ ಎಲ್ಲರೂ ನಗುನಗುತ್ತಾ ಬಾಳಿದರು. ಬೊಮ್ಮಿಗೆ ಮಾತ್ರ, ಆ ಉಗುರು ಯಾಕೆ ನೀಲಿಯಾಗಿತ್ತು ಅಂತ ಕೊನೆಗೂ ಗೊತ್ತಾಗಲಿಲ್ಲ.