ಖಾಲಿ ಡಬ್ಬಿ, ಖಾಲಿ ಹೊಟ್ಟೆ

"ಲೇ, ನಿಲ್ಲಲೇ!"

ನಿಲ್ಲಲಿಲ್ಲ. ಆಸ್ಪತ್ರೆಯ ಹಿಂದಿನ ಕಾಂಪೌಂಡ್ ಹಾರಿ ಓಡಿದ... ಬಿಳಿ ಪಂಚೆ, ಕಂಕುಳಲ್ಲಿ ಏನೋ ಮಿರಮಿರ ಮಿಂಚುತ್ತಿತ್ತು!

ನಾನೂ ಹಾರಿದೆ.

ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವಳು ನಾನು, ಜಗದಾಂಬ. ರಿಟೈರ್ ಆದ ಮೇಲೆ ಚಳ್ಳಕೆರೆಯ ಈ ಪ್ರೈವೇಟ್ ಆಸ್ಪತ್ರೆಯ ಸೆಕ್ಯುರಿಟಿ ನನ್ನದು. ನನ್ನ ಕೈಯಿಂದ ಕಳ್ಳ ತಪ್ಪಿಸಿಕೊಂಡರೆ ಊರು ನಗುವುದಿಲ್ಲವಾ, ನೀವೇ ಹೇಳಿ!

ಶೇಂಗಾ ಮೂಟೆಯ ಲಾರಿಯನ್ನು ಎರಡು ಸುತ್ತು ಹಾಕಿದೆವು. ಬಾಳೆಹಣ್ಣಿನ ಗಾಡಿಗೆ ಡಿಕ್ಕಿ! ಗಾಡಿಯವಳು ಇಬ್ಬರಿಗೂ ಸೇರಿಸಿಯೇ ಬೈದಳು. ಮೊಳಕಾಲ್ಮುರು ಬಸ್ಸು ಹೊರಟಿತ್ತು. ಅವನು ಫುಟ್‌ಬೋರ್ಡಿಗೆ ಕಾಲಿಟ್ಟ. ನಾನು ಪಂಚೆಗೆ ಕೈ ಹಾಕಿದೆ.

"ಪಂಚೆ ಬಿಡವ್ವೋ! ಮಾನ ಹೋಗ್ತೈತೆ!"

ತಿರುಗಿಸಿ ನೋಡಿದರೆ... ಎಪ್ಪತ್ತು ದಾಟಿದ ಯಜಮಾನರು! ಹಣೆ ತುಂಬ ವಿಭೂತಿ. ಮೊಳಕಾಲ್ಮುರಿನ ರೇಷ್ಮೆ ಸೀರೆ ವ್ಯಾಪಾರಿ ಮುರುಗೇಂದ್ರಪ್ಪ. ಬೆಳಗ್ಗೆ ಗೇಟಿನಲ್ಲಿ ನಾನೇ ಹೆಸರು ಬರೆದುಕೊಂಡಿದ್ದೆ. ನಾಲ್ಕು ವರ್ಷದ ಮೊಮ್ಮಗಳು ಪುಟ್ಟಿಗೆ ಮುಂದಿನ ಆರು ಹಲ್ಲು ಹುಳುಕು. ಎಚ್ಚರವಿದ್ದಾಗ ಇಬ್ಬರು ಡಾಕ್ಟರ ಬೆರಳು ಕಚ್ಚಿದ್ದಳಂತೆ! ಅದಕ್ಕೇ ಇವತ್ತು ಪೂರ್ತಿ ಪ್ರಜ್ಞೆ ತಪ್ಪಿಸಿ ಚಿಕಿತ್ಸೆ. ಅಲ್ಲಿಯವರೆಗೆ ಮಗು ಖಾಲಿ ಹೊಟ್ಟೆಯಲ್ಲೇ ಇರಬೇಕು.

ಕಂಕುಳಲ್ಲಿದ್ದದ್ದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದೆ. ಖಾಲಿ! ತಳದಲ್ಲಿ ಕೋಡುಬಳೆಯ ಚೂರು.

"ಯಾರು ತಿಂದ್ರು?"

"ನಾನೇ ತಿಂದೆ ಕಣವ್ವ."

"ಮತ್ತೆ ಓಡಿದ್ಯಾಕೆ?"

"ಸುಮ್ನೆ... ವಾಕಿಂಗು."

"ಬಾಯಿ ತೆಗೀರಿ."

ತೆಗೆದರು. ಬಗ್ಗಿ ನೋಡಿದೆ.

ಒಂದೇ ಒಂದು ಹಲ್ಲಿಲ್ಲ!

"ಹಲ್ಲು ಸೆಟ್ಟು ಎಲ್ಲೈತ್ರೀ?"

"ಮನೇಲಿ... ಮರ್ತು ಬಂದೆ."

"ಬರೀ ಒಸಡಲ್ಲಿ ಕೋಡುಬಳೆ ಕಡಿದ್ರಾ ಯಜಮಾನ್ರೇ? ಪುಟ್ಟಿಗೆ ಕೊಟ್ರಿ, ಅಲ್ವಾ?"

"ಹಸಿವು ಅಂತ ಅತ್ತಳವ್ವ... ಎರಡೇ ಎರಡು! ಡಾಕ್ಟ್ರಮ್ಮ ಡಬ್ಬಿ ನೋಡಿದ್ರೆ ಬೈತಾರೆ ಅಂತ ಓಡ್ದೆ."

"ಬೈಯೋದಾ? ಹೊಟ್ಟೇಲಿ ಊಟ ಇಟ್ಕೊಂಡು ಪ್ರಜ್ಞೆ ತಪ್ಪಿಸಿದ್ರೆ, ತಿಂದಿದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳೀತೈತ್ರೀ! ಮಗೂಗೆ ಉಸಿರು ಕಟ್ತೈತೆ!"

ಯಜಮಾನರ ಮುಖ ಬಿಳುಚಿಕೊಂಡಿತು. "ಅಯ್ಯೋ ಶಿವನೇ... ಓಡವ್ವ! ಓಡು!"

ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದೆ. ರಿಂಗಾಯಿತು... ರಿಂಗಾಯಿತು... ಯಾರೂ ಎತ್ತಲಿಲ್ಲ.

ಹತ್ತಕ್ಕೆ ಚಿಕಿತ್ಸೆ. ಈಗ ಒಂಬತ್ತು ಐವತ್ತಾರು!

ಆಟೋ ಹಿಡಿದೆ. ಯಜಮಾನರು ನನಗಿಂತ ಮೊದಲೇ ಹತ್ತಿ ಕೂತಿದ್ದರು! ಒನ್‌ವೇಯಲ್ಲಿ ಉಲ್ಟಾ ನುಗ್ಗಿದೆವು. ಟ್ರಾಫಿಕ್ ಪೊಲೀಸ್ ವಿಸಿಲ್ ಊದಿದ. ಊದಲಿ!

ಥಿಯೇಟರ್ ಬಾಗಿಲಿಗೆ ಭುಜ ಕೊಟ್ಟು ಗುದ್ದಿದೆ. ಅರಿವಳಿಕೆ ಕೊಡುವ ಡಾಕ್ಟರ್ ದಾಕ್ಷಾಯಿಣಿಯ ಕೈಯಲ್ಲಿ ಮಾಸ್ಕ್. ಪುಟ್ಟಿಯ ಮೂಗಿಗೂ ಅದಕ್ಕೂ ಒಂದೇ ಗೇಣು.

"ನಿಲ್ಸಿ ಮೇಡಂ! ಕೋಡುಬಳೆ!"

ಮಾಸ್ಕ್ ಕೆಳಗಿಳಿಯಿತು.

ಪುಟ್ಟಿಯನ್ನು ಎತ್ತಿಕೊಂಡು ಎಲ್ಲರೂ ಹೊರಗೆ ಬಂದೆವು. ಡಾಕ್ಟರ್ ಹೊರಗೆ ಕಾದಿದ್ದ ಮನೆಯವರತ್ತ ತಿರುಗಿದರು. "ಮೂರು ಸಲ ಕೇಳ್ದೆ. ಏನೂ ತಿಂದಿಲ್ಲ ಅಂತ ಸೈನ್ ಹಾಕಿದೀರಿ! ಮಗು ತೂಕ ನೋಡಿ, ಅಳೆದು ಔಷಧಿ ಕೊಡ್ತೀನಿ ನಾನು. ಈ ಸುಳ್ಳನ್ನ ಹೇಗೆ ಅಳೀಲಿ? ಇವತ್ತು ಕ್ಯಾನ್ಸಲ್!"

ಪುಟ್ಟಿಯ ಅವ್ವ ಶಿಲ್ಪಾ ಮಾವನ ಮೇಲೆ ಹರಿಹಾಯ್ದಳು. "ಏನ್ ಮಾಡಿದ್ರಿ ಮಾವ! ನನ್ ಕೂಸನ್ನ ಕೊಂದೇಬಿಡ್ತಿದ್ರಲ್ಲ!"

ಯಜಮಾನರು ಗೋಡೆ ಹಿಡಿದು ಗಳಗಳ ಅತ್ತರು. ನಾನೇ ಕುರ್ಚಿ ಎಳೆದು ಕೂರಿಸಿದೆ.

ಆದರೆ ಪೊಲೀಸ್ ಬುದ್ಧಿ ಎಲ್ಲಿ ಹೋಗುತ್ತದೆ? ಮುಖ್ಯ ಸಾಕ್ಷಿಯನ್ನು ವಿಚಾರಿಸದೆ ಕೇಸು ಮುಚ್ಚಿ ನನಗೆ ಅಭ್ಯಾಸವಿಲ್ಲ.

"ಪುಟ್ಟಿ, ಬೆಳಗ್ಗೆ ಇನ್ನೇನ್ ತಿಂದೆ ಬಂಗಾರ?"

ಅವಳು ಒಂದೊಂದೇ ಬೆರಳು ಮಡಚಿದಳು. "ತಾತ ಕೋಡುಬಳೆ ಕೊಟ್ರು. ಅವ್ವ ಹಾಲು ಕೊಟ್ಳು. ಅಪ್ಪ ಬಿಸ್ಕತ್ತು. ಅಜ್ಜಿ ಮಂಡಕ್ಕಿ..."

ಶಿಲ್ಪಾಳ ಬಾಯಿ ಟಪ್ಪನೆ ಮುಚ್ಚಿತು. ಅಪ್ಪ ತನ್ನ ಚಪ್ಪಲಿ ನೋಡಿಕೊಂಡ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು, ಎಲ್ಲರೂ ತಿನ್ನಿಸಿದ್ದರು!

ಆ ಬೆಳಗ್ಗೆ ಇಡೀ ಆಸ್ಪತ್ರೆಯಲ್ಲಿ ನಿಜವಾಗಿ ಖಾಲಿ ಹೊಟ್ಟೆಯಲ್ಲಿದ್ದವಳು... ತಿಂಡಿ ಬಿಟ್ಟು ಕಳ್ಳನ ಹಿಂದೆ ಓಡಿದ ನಾನೊಬ್ಬಳೇ!