ರುಚಿ ನೋಡದ ಹನ್ನೊಂದು ದಿನ

"ಅದನ್ನ ಬಾಯಿಗೆ ಹಾಕ್ಕೊಂಡ್ಬಿಟ್ರಾ?"

ಹಿಂದಿನಿಂದ ಬಂದ ದನಿಗೆ ವಿನುತಾ ಬೆಚ್ಚಿದಳು. ಹಲ್ಲಿನ ನಡುವೆ ಅರ್ಧ ಚಕ್ಕುಲಿ ಕರುಂ ಎಂದಿತು.

ತಿರುಗಿದರೆ, ದೊಡ್ಡ ಬಾಣಲೆಯ ಮುಂದೆ ಜಾಲರಿ ಸೌಟು ಹಿಡಿದು ನಿಂತಿದ್ದ ಗೌರೀಶ್. ಎಣ್ಣೆಯ ಶಾಖಕ್ಕೆ ಕೆಂಪಾದ ಮುಖ, ದಟ್ಟ ಮೀಸೆ. ಆ ಕಣ್ಣುಗಳಲ್ಲಿ ಕೋಪವಿರಲಿಲ್ಲ, ಗಾಬರಿಯಿತ್ತು.

"ಹ್ಞೂಂ, ಬ್ಯಾಚ್ ಚೆಕ್ ಮಾಡ್ದೆ. ಉಪ್ಪು ಸರಿಯಾಗಿದೆ," ಎಂದಳು ವಿನುತಾ, ಸೂಪರ್‌ವೈಸರ್ ಗತ್ತನ್ನು ಎಳೆದು ತಂದುಕೊಂಡು.

"ಮೇಡಂ... ಇದು ಅಷ್ಟಮಿ ಆರ್ಡರ್."

"ಗೊತ್ತು. ಅದಕ್ಕೇ ಚೆಕ್ ಮಾಡ್ದೆ."

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಜನ ಇದನ್ನ ಕೃಷ್ಣನ ಮುಂದೆ ಇಡೋಕೆ ತಗೊಂಡ್ಹೋಗ್ತಾರೆ. ಇವತ್ತಿಂದ ಹನ್ನೊಂದು ದಿನ ಈ ಅಡುಗೆಮನೇಲಿ ಯಾರೂ ಒಂದು ಚೂರೂ ಬಾಯಿಗೆ ಹಾಕಲ್ಲ. ಉಪ್ಪು, ಖಾರ ಎಲ್ಲಾ ಮೂಗಲ್ಲೇ ನೋಡೋದು. ಮಡಿ ಮಾಡೋ ಅಜ್ಜಿಯರು ಕೂಡ ನಮ್ಮಲ್ಲಿ ತಗೊಳ್ಳೋದು ಆ ನಂಬಿಕೆಗೇ."

ವಿನುತಾ ಬೆರಳಿಗಂಟಿದ ಚೂರುಗಳನ್ನು ಒರೆಸಿಕೊಂಡಳು. ಮಾವಳ್ಳಿಯ ಮನೆಯಲ್ಲಿ ಅವಳಮ್ಮನೂ ನೈವೇದ್ಯಕ್ಕೆ ಮೊದಲು ರುಚಿ ನೋಡುವವರಲ್ಲ. ಆದರೆ ಅಂಗಡಿಯಲ್ಲಿ ಮಾರುವ ಚಕ್ಕುಲಿಗೂ ಅದೇ ನಿಯಮವೆಂದು ಹೊಳೆದೇ ಇರಲಿಲ್ಲ! ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಎಂಟು ವರ್ಷ ದುಡಿದವಳು. ಅಲ್ಲಿ ರುಚಿ ನೋಡದೆ ಒಂದು ಪೊಟ್ಟಣವೂ ಹೊರಗೆ ಹೋಗುವಂತಿರಲಿಲ್ಲ. ಕೈ ತಾನಾಗಿ ಬುಟ್ಟಿಗೆ ಹೋಗಿತ್ತು.

"ಉಳಿದರ್ಧ ಎಲ್ಲಿ?"

"ವಾಪಸ್... ಬುಟ್ಟಿಗೇ ಹಾಕ್ದೆ. ಕೈಯಲ್ಲೇ ಮುರಿದಿದ್ದು, ಕಚ್ಚಿಲ್ಲ."

ಇಬ್ಬರೂ ಬುಟ್ಟಿಯತ್ತ ನೋಡಿದರು. ಅದು ಖಾಲಿಯಾಗಿತ್ತು. ಇವರು ಮಾತಾಡುತ್ತಿದ್ದಾಗಲೇ ಯಾರೋ ಅದನ್ನು ದೊಡ್ಡ ಡಬ್ಬಕ್ಕೆ ಸುರಿದಿದ್ದರು. ಎಂಟು ಹೆಂಗಸರ ಇಡೀ ಬೆಳಗಿನ ದುಡಿಮೆ, ನಲವತ್ತು ಕೆಜಿ ಚಕ್ಕುಲಿ ಆ ಡಬ್ಬದೊಳಗೆ.

"ಸದ್ಯಕ್ಕೆ ನಮ್ಮಿಬ್ಬರಿಗೇ ಗೊತ್ತು ಮೇಡಂ," ಎಂದ ಗೌರೀಶ್. "ನಾನು ಯಾರಿಗೂ ಹೇಳಲ್ಲ."

ಅವನು ಒಲೆಯ ಕಡೆ ತಿರುಗಿದ. ವಿನುತಾ ನಿಂತಲ್ಲೇ ನಿಂತಳು.

ತ್ಯಾಗರಾಜನಗರದ ಈ ಕುರುಕು ತಿಂಡಿ ಅಂಗಡಿಯಲ್ಲಿ ಇದು ಅವಳ ಮೊದಲ ದಿನ. ಇಪ್ಪತ್ತು ವರ್ಷ ಅಡುಗೆಮನೆ ನೋಡಿಕೊಂಡಿದ್ದ ಶೀನಣ್ಣ ಮಂಡಿ ನೋವೆಂದು ಬಿಟ್ಟಮೇಲೆ, ಮಾಲೀಕರಾದ ಭಾಗೀರಥಮ್ಮ ಅವಳನ್ನು ಕರೆತಂದಿದ್ದರು. ಮಾತು ನೇರವಾಗಿತ್ತು.

"ಅಷ್ಟಮಿವರೆಗೂ ನೋಡ್ತೀನಮ್ಮ. ಅಷ್ಟರಲ್ಲಿ ಈ ಹೆಂಗಸ್ರು ನಿನ್ನ ನಂಬಿದ್ರೆ ಇರು. ಇಲ್ದಿದ್ರೆ ಬೇಜಾರು ಮಾಡ್ಕೋಬೇಡ."

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ... ಮೊದಲ ದಿನವೇ ಎಲ್ಲ ಮುಗಿಯಿತು!

ಹತ್ತು ಗಂಟೆಯ ಕಾಫಿಗೆ ಹೆಂಗಸರೆಲ್ಲ ಹಿತ್ತಲಲ್ಲಿ ಕೂತರು. ವಿನುತಾ ಲೋಟ ಮುಟ್ಟಲಿಲ್ಲ.

"ಒಂದು ಮಾತು ಹೇಳ್ಬೇಕು. ಮೊದಲನೇ ಡಬ್ಬದ ಚಕ್ಕುಲಿ ನಾನು ರುಚಿ ನೋಡ್ಬಿಟ್ಟೆ. ಗೊತ್ತಿಲ್ದೆ ಆಯ್ತು, ಆದ್ರೂ ತಪ್ಪು ನಂದೇ. ಆ ಡಬ್ಬ ಆರ್ಡರ್‌ಗೆ ಬೇಡ, ದಿನದ ಮಾರಾಟಕ್ಕೆ ಹೋಗ್ಲಿ. ನಾಳೆ ಬೆಳಿಗ್ಗೆ ಐದೂವರೆಗೆ ಬಂದು ನಾನೇ ಮತ್ತೆ ಹಿಟ್ಟು ಕಲಸ್ತೀನಿ. ನೀವ್ಯಾರೂ ಬೇಗ ಬರ್ಬೇಕಿಲ್ಲ."

ಎಲ್ಲರ ಕಣ್ಣೂ ಅಂಜನಮ್ಮನತ್ತ ಹೊರಳಿತು. ಚಕ್ಕುಲಿ ಒರಳು ಒತ್ತುವುದರಲ್ಲಿ ಎಲ್ಲರಿಗಿಂತ ಹಿರಿಯಳು ಆಕೆ.

"ಮೇಡಮ್ಮನಿಗೆ ಹಿಟ್ಟು ಕಲಸೋಕೆ ಬರುತ್ತಾ?"

"...ಬರಲ್ಲ."

ಯಾರೋ ಕಿಸಕ್ಕೆಂದರು. ಅಂಜನಮ್ಮ ನಗಲಿಲ್ಲ. ಕಾಫಿ ಮುಗಿಸಿ, ಸೆರಗು ಸಿಕ್ಕಿಸಿ ಒಳಗೆ ಹೋದಳು. ಬಾಗಿಲ ಬಳಿ ನಿಂತಿದ್ದ ಗೌರೀಶ್ ಮಾತ್ರ ವಿನುತಾಳನ್ನು ಏನನ್ನೋ ಕಳೆದುಕೊಂಡವನಂತೆ ನೋಡುತ್ತಿದ್ದ.

ಮರುದಿನ ಐದೂವರೆಗೆ ವಿನುತಾ ಬಂದಾಗ ಅಂಗಡಿಯ ಮೆಟ್ಟಿಲ ಮೇಲೆ ಅಂಜನಮ್ಮ ಕೂತಿದ್ದಳು. ಪಕ್ಕದಲ್ಲಿ ಇನ್ನೂ ಮೂವರು.

"ಬೀಗ ತೆಗಿಯಮ್ಮ. ನಿನ್ನ ಕೈಗೆ ಹಿಟ್ಟು ಕೊಟ್ರೆ ಕೃಷ್ಣ ಬಾಗಿಲವರೆಗೂ ಬಂದವನು ವಾಪಸ್ ಹೋಗ್ಬಿಡ್ತಾನೆ!"

ಮೇಡಮ್ಮ ಹೋಗಿ 'ಅಮ್ಮ' ಬಂದಿತ್ತು. ಆ ದಿನದ ಮಟ್ಟಿಗೆಂದು ಭಾಗೀರಥಮ್ಮನಿಂದ ಕೇಳಿ ತಂದಿದ್ದ ಬೀಗದ ಕೈ ತಿರುಗಿಸುವಾಗ ವಿನುತಾಳ ಕಣ್ಣು ಮಂಜಾಯಿತು.

ಮೂರನೇ ದಿನ ಕಲಸಿದ ಹಿಟ್ಟಿನ ಮುಂದೆ ಗೌರೀಶ್ ಅವಳನ್ನು ಕೂರಿಸಿದ. "ಕಣ್ಣು ಮುಚ್ಚಿ. ಉಪ್ಪು ಕಮ್ಮಿ ಇದ್ರೆ ಬರೀ ಅಕ್ಕಿ ವಾಸನೆ. ಸರಿಯಿದ್ರೆ ಬೆಣ್ಣೆ ಮುಂದೆ ಬರುತ್ತೆ. ಅವಸರ ಮಾಡ್ಬೇಡಿ."

ಅವಳು ಕಣ್ಣು ಮುಚ್ಚಿದಳು. ಅಕ್ಕಿ, ಜೀರಿಗೆ, ಎಳ್ಳು... ಆಮೇಲೆ ನಿಧಾನವಾಗಿ ಬೆಣ್ಣೆ.

"ಬಂತು!"

ಕಣ್ಣು ತೆರೆದರೆ ಅವನ ಮುಖವೂ ಅವಳ ಮುಖದಷ್ಟೇ ಅರಳಿತ್ತು. 'ಈ ಮನುಷ್ಯ ಹೀಗೂ ನಗ್ತಾನಾ?' ಎಂದುಕೊಂಡಳು. ಎದೆಯಲ್ಲಿ ಏನೋ ಹಗುರಾಯಿತು.

"ಇದನ್ನೆಲ್ಲ ನೀವು ಹೇಗೆ ಕಲಿತ್ರಿ?"

"ಅವನದು ಹುಟ್ಟು ಮೂಗು!" ಎಂದಳು ಒರಳು ಒತ್ತುತ್ತಿದ್ದ ಒಬ್ಬಾಕೆ. "ಮೂರು ವರ್ಷದ ಹಿಂದೆ ಅಷ್ಟಮಿ ಹೊತ್ತಲ್ಲಿ ಶೀನಣ್ಣ ಇಲ್ದಾಗ ಮುಚ್ಚೋರೆ ತಿಂಡಿ ಹಿಟ್ಟಿಗೆ ಉಪ್ಪು ಕಮ್ಮಿ ಅಂತ ವಾಸನೇಲೇ ಹಿಡಿದ. ಅವತ್ತಿಂದ ಅವನು ಅಂದಿದ್ದೇ ಉಪ್ಪು. ಶೀನಣ್ಣನ ಕುರ್ಚಿ ಅವನಿಗೇ ಅಂದ್ಕೊಂಡಿದ್ವಿ..."

ಗೌರೀಶನ ನಗು ಆರಿತು. ಎದ್ದು ಒಲೆಯ ಕಡೆಗೆ ಹೋದ. ಅಂದಿನಿಂದ ಕೆಲಸದ ಮಾತು ಬಿಟ್ಟು ಬೇರೆ ಮಾತೇ ಇಲ್ಲ. ಹ್ಞೂಂ ಮೇಡಂ, ಆಯ್ತು ಮೇಡಂ. ಅಷ್ಟೇ!

ಅವಳಿಗೆ ಅರ್ಥವಾಯಿತು... ಎಂದುಕೊಂಡಳು. ಅವನ ಜಾಗಕ್ಕೆ ತಾನು ಬಂದು ಕೂತಿದ್ದೇನೆ. ಹೊರಗೆ ಎಷ್ಟು ಒಳ್ಳೆಯವನಾದರೂ ಒಳಗೆ ನೋಯದಿರುತ್ತದೆಯೇ?

ಉಳಿದವರ ಜೊತೆ ದಿನಗಳು ಚೆನ್ನಾಗಿಯೇ ಉರುಳಿದವು. ಹೆಂಗಸರು ಅವಳ ಡಬ್ಬಿಯ ಪಲ್ಯಕ್ಕೆ ಕೈ ಹಾಕುವಷ್ಟು ಸಲಿಗೆ ಬೆಳೆಯಿತು. ಒಬ್ಬಾಕೆ ಸೀದ ಕೋಡುಬಳೆಯನ್ನು ಮುಚ್ಚಿಡದೆ ತಾನೇ ತಂದು ತೋರಿಸಿದಳು. ಆದರೆ ಬಾಣಲೆಯ ಮುಂದಿನ ಆ ಬೆನ್ನು ಮಾತ್ರ ಅವಳ ಕಡೆ ತಿರುಗಲಿಲ್ಲ.

ಒಂಬತ್ತನೇ ದಿನ ತಡೆಯಲಾಗಲಿಲ್ಲ. ಮಹಡಿ ಹತ್ತಿ ಭಾಗೀರಥಮ್ಮನ ಮುಂದೆ ನಿಂತಳು.

"ಅಮ್ಮಾವ್ರೇ, ಈ ಕೆಲಸ ಗೌರೀಶ್‌ಗೆ ಕೊಡಿ. ನಾನು ಅವರ ಕೈಕೆಳಗೆ ಇರ್ತೀನಿ."

ಹೂ ಕಟ್ಟುತ್ತಿದ್ದ ಭಾಗೀರಥಮ್ಮ ಕನ್ನಡಕದ ಮೇಲಿಂದ ನೋಡಿದರು. "ಅವನನ್ನ ಕೇಳ್ದೆ ನಿನ್ನ ಕರೆದೆ ಅಂದ್ಕೊಂಡ್ಯಾ? ಮೂರು ಸಲ ಕೇಳಿದೀನಿ ಕಣೇ. ಮೂರು ಸಲವೂ ಬೇಡ ಅಂದ. ಯಾಕೋ ಅಂದ್ರೆ ತಲೆ ತಗ್ಗಿಸ್ತಾನೆ."

ಮೆಟ್ಟಿಲಿಳಿಯುತ್ತಾ ವಿನುತಾ ಅರ್ಧದಲ್ಲೇ ನಿಂತಳು. ಕುರ್ಚಿ ಅವನಿಗೆ ಬೇಡವಾಗಿತ್ತೇ? ಹಾಗಾದರೆ... ಅವನಿಗೆ ಬೇಡವಾದವಳು ತಾನೊಬ್ಬಳೇ?

ಯಾಕೋ ಅದು ಕೆಲಸ ಹೋಗುವುದಕ್ಕಿಂತ ಹೆಚ್ಚು ನೋಯಿಸಿತು.

ಅಷ್ಟಮಿ ಬಂತು. ಕೊನೆಯ ಆರ್ಡರ್ ಮಧ್ಯಾಹ್ನಕ್ಕೇ ಹೊರಟಿತು. ಸಂಜೆ ಅಡುಗೆಮನೆಯ ಹೊಸ್ತಿಲಿನಿಂದ ಭಾಗೀರಥಮ್ಮನ ದೇವರಮನೆಯವರೆಗೂ ಅಕ್ಕಿಹಿಟ್ಟಿನ ಪುಟ್ಟ ಪುಟ್ಟ ಕೃಷ್ಣಪಾದ. ಪೂಜೆ ಮುಗಿದು ಗಂಟೆ ನಿಂತ ಮೇಲೆ ಭಾಗೀರಥಮ್ಮ ತಟ್ಟೆ ಹಿಡಿದು ಬಂದರು. ಪ್ರತಿ ವರ್ಷವೂ ಹೀಗೇ. ಹನ್ನೊಂದು ದಿನ ಬಾಯಿ ಕಟ್ಟಿದವರಿಗೆ ಮೊದಲ ಪ್ರಸಾದ.

ಎಲ್ಲರೂ ಕೈಯೊಡ್ಡಿದರು. ಗೌರೀಶ್ ಒಡ್ಡಲಿಲ್ಲ.

"ನನಗೆ ಬೇಡ ಅಮ್ಮಾವ್ರೇ... ಮೊದಲು ಒಂದು ಮಾತು." ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ಮೂರು ವರ್ಷದ ಹಿಂದೆ ಆ ಮುಚ್ಚೋರೆ ಹಿಟ್ಟಿನ ಉಪ್ಪು ನಾನು ಮೂಗಲ್ಲಿ ಹಿಡೀಲಿಲ್ಲ. ಭಯ ಆಗಿ ನಾಲಿಗೆಗೆ ಇಟ್ಟು ನೋಡ್ದೆ. ಎಲ್ಲರೂ ಹೊಗಳಿದ್ರಿ... ಬಾಯಿ ಮುಚ್ಕೊಂಡಿದ್ದೆ. ಆಮೇಲೆ ಕಲಿತೆ, ನಿಜ. ಆದ್ರೆ ಶೀನಣ್ಣನ ಕುರ್ಚೀಲಿ ಕೂರೋ ಯೋಗ್ಯತೆ ನನಗಿಲ್ಲ."

ಎಲ್ಲರ ಕೈಯ ಪ್ರಸಾದ ಕೈಯಲ್ಲೇ ಉಳಿಯಿತು.

"ಗೊತ್ತಿತ್ತು ಬಿಡೋ," ಎಂದಳು ಅಂಜನಮ್ಮ, ತನ್ನ ಪಾಲಿನ ಚಕ್ಕುಲಿ ಮುರಿಯುತ್ತಾ. "ಮೀಸೆಗೆಲ್ಲಾ ಹಿಟ್ಟು ಮೆತ್ಕೊಂಡಿತ್ತು! ಆ ಹಿಟ್ಟಿನ ಡಬ್ಬ ಅವತ್ತೇ ಆರ್ಡರ್‌ನಿಂದ ತೆಗೆದು ದಿನದ ಮಾರಾಟಕ್ಕೆ ಕಳಿಸ್ದೆ. ಯಾವ ದೇವರಿಗೂ ಎಂಜಲು ಹೋಗ್ಲಿಲ್ಲ. ನೀನೇ ಹೇಳ್ತೀಯ ಅಂತ ಕಾದೆ. ಮೂರು ವರ್ಷ ಕಾಯಿಸ್ದೆ, ಮುಠ್ಠಾಳ!"

ನಗು ಉಕ್ಕಿತು. ಗೌರೀಶ್ ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ. ಭಾಗೀರಥಮ್ಮ ಅವನ ಕೈಗೊಂದು ಚಕ್ಕುಲಿ ಇಟ್ಟು, ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ವಿನುತಾಳ ಮುಂದೆ ಹಿಡಿದರು. "ಇದು ನಿನ್ನ ಹತ್ರಾನೇ ಇರ್ಲಿ."

"ಅಮ್ಮಾವ್ರೇ, ಇವರನ್ನೆಲ್ಲ ಒಂದು ಮಾತು ಕೇಳ್ದೆ..."

"ಕೇಳೋದೇನು? ನಿನ್ನನ್ನೇ ಇಟ್ಕೊಳ್ಳಿ ಅಂತ ಅವಳು ಹೇಳಿ ಎಂಟು ದಿನ ಆಯ್ತು," ಎಂದು ಅಂಜನಮ್ಮನತ್ತ ಕತ್ತು ಆಡಿಸಿದರು.

ಆಮೇಲೆ ಹಿತ್ತಲಿನ ಮೆಟ್ಟಿಲ ಮೇಲೆ ವಿನುತಾ ಕೂತಿದ್ದಳು. ಗೌರೀಶ್ ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ.

"ನನ್ನ ಮೇಲೇ ಕೋಪ. ನೀವು ಎರಡೇ ಗಂಟೇಲಿ ಹೇಳಿದ್ದನ್ನ ನಾನು ಮೂರು ವರ್ಷದಲ್ಲಿ ಹೇಳೋಕಾಗ್ಲಿಲ್ಲ. ಅದನ್ನ ಬಚ್ಚಿಟ್ಕೊಂಡು ನಿಮ್ಮ ಹತ್ರ ಇನ್ನೊಂದು ಮಾತು ಹೇಗೆ ಹೇಳೋದು?"

"ಯಾವ ಮಾತು?"

ಅವನು ಕೈಯಲ್ಲಿದ್ದ ಚಕ್ಕುಲಿಯನ್ನು ನಿಧಾನವಾಗಿ ಮುರಿದು ಒಂದರ್ಧ ಅವಳತ್ತ ಚಾಚಿದ.

"ಇಷ್ಟ ಆಗಿದೀರ... ಮೊದಲನೇ ದಿನ ಕಾಫಿ ಲೋಟ ಮುಟ್ಟದೆ ನಿಂತಿದ್ರಲ್ಲ, ಆಗಿನಿಂದ."

ಅವಳು ಕಚ್ಚಿದಳು. ಕರುಂ! ಈ ಸಲ ಯಾರಿಗೂ ಹೆದರಬೇಕಿರಲಿಲ್ಲ.

"ಉಪ್ಪು ಹೇಗಿದೆ?" ಅವನ ದನಿ ಎಲ್ಲೋ ಆಳದಲ್ಲಿತ್ತು.

"ಇಷ್ಟರಲ್ಲಿ ಹೇಳೋಕಾಗಲ್ಲ. ಅದನ್ನೂ ಕೊಡಿ."

"ಇದು ನನ್ನ ಪಾಲು ಮೇಡಂ."

"ಮೇಡಂ ಅಂದ್ರೆ ಕೊಡ್ಲೇಬೇಕು."

ಅವನು ಒಂದು ಮೆಟ್ಟಿಲು ಮೇಲೆ ಸರಿದ.

"ಮತ್ತೆ... ವಿನುತಾ ಅಂದ್ರೆ?"

ಅವಳು ಉತ್ತರ ಹೇಳುವ ಮುಂಚೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಅಂದ್ರೆ... ಹಂಚ್ಕೊಂಡು ತಿನ್ಬಹುದು."